ಎಪ್ಪತ್ತು ಪಾಯಿಂಟ್ ಆರರಲ್ಲಿ ಹನ್ನೊಂದು ವಾರ

ನಮ್ಮ ಮನೆಯ ತೂಕದ ಮಷಿನ್ನು ಬಚ್ಚಲುಮನೆ ಬಾಗಿಲ ಪಕ್ಕದಲ್ಲಿರುತ್ತದೆ. ಗಾಜಿನದು. ಮೇಲೆ ನಿಂತರೆ ಮೂರು ಸಲ ಮಿನುಗಿ ಆಮೇಲೆ ಅಂಕಿ ತೋರಿಸುತ್ತದೆ. 2025ರ ಸಂಕ್ರಾಂತಿಯ ಹಿಂದಿನ ದಿನ ಅದು 70.6 ತೋರಿಸಿತು. ಯುಗಾದಿಯ ಬೆಳಿಗ್ಗೆಯೂ 70.6 ತೋರಿಸಿತು. ನಡುವೆ ಹನ್ನೊಂದು ವಾರ. ಆ ಹನ್ನೊಂದು ವಾರದಲ್ಲಿ ನಾನು ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಅರವತ್ತಕ್ಕೂ ಹೆಚ್ಚು ಸಲ ಸುತ್ತಿದ್ದೆ.

ಸುತ್ತಲು ಶುರು ಮಾಡಿದ್ದು 2024ರ ಆಗಸ್ಟ್‌ನಲ್ಲಿ, ವರಮಹಾಲಕ್ಷ್ಮಿ ಹಬ್ಬ ಮುಗಿದ ವಾರ. ಹಬ್ಬಕ್ಕೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದ್ದೆ. ಎಚ್‌ಬಿಎ1ಸಿ 6.2 ಬಂದಿತ್ತು. ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ. 5.7 ಮುಟ್ಟಿದರೆ ಗಡಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾನು ಗಡಿ ದಾಟಿ ಅರ್ಧ ದಾರಿ ನಡೆದಿದ್ದೆ. ವಯಸ್ಸು 44, ಎತ್ತರ 158 ಸೆಂಟಿಮೀಟರ್, ತೂಕ 78.4. ಡಾಕ್ಟರು, ‘ಮಾತ್ರೆ ಈಗಲೇ ಬೇಡ, ಆರು ತಿಂಗಳು ತೂಕ ಇಳಿಸಿ ನೋಡೋಣ’ ಅಂದರು. ಅಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳು ತೆಗೆದದ್ದನ್ನು ನೋಡಿದವಳು ನಾನು. ಮರುದಿನವೇ ಶೂ ತಂದೆ.

ಮೊದಲ ಐದು ತಿಂಗಳ ಬಗ್ಗೆ ಹೇಳೋದಕ್ಕೆ ಜಾಸ್ತಿ ಇಲ್ಲ. ಎಲ್ಲ ಸಲೀಸಾಗಿ ಆಯಿತು. ಸಕ್ಕರೆ ಬಿಟ್ಟೆ, ಸಂಜೆಯ ಬೋಂಡ ಬಿಟ್ಟೆ, ಅನ್ನ ಅರ್ಧ ಮಾಡಿದೆ. ಮೊದಲ ತಿಂಗಳೇ ಮೂರು ಕೆಜಿ ಇಳಿದೆ. ಆಫೀಸಿನಲ್ಲೆಲ್ಲ ಹೇಳಿಕೊಂಡು ಓಡಾಡಿದೆ. ಆ ಮೂರು ಕೆಜಿಯಲ್ಲಿ ಎಷ್ಟೋ ಪಾಲು ಬರೀ ನೀರು ಅಂತ ಆಗ ಗೊತ್ತಿರಲಿಲ್ಲ. ನಾವು ತಿಂದ ಅನ್ನ, ಸಕ್ಕರೆಯ ಒಂದಿಷ್ಟನ್ನು ದೇಹ ಗ್ಲೈಕೊಜೆನ್ ಮಾಡಿ ಇಟ್ಟುಕೊಳ್ಳುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಕಡಿಮೆ ಮಾಡಿದ ಕೂಡಲೇ ಮೊದಲು ಖಾಲಿಯಾಗುವುದು ಆ ದಾಸ್ತಾನು. ನೀರೂ ಅದರ ಹಿಂದೆಯೇ ಹೋಗುತ್ತದೆ. ಕೊಬ್ಬು ನಿಧಾನವಾಗಿ ಆಮೇಲೆ. ಹಾಗಾಗಿ ಮೊದಲ ತಿಂಗಳ ವೇಗ ನೋಡಿ ಮುಂದಿನ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ನಾನು ಹಾಕಿದ್ದೆ. ಆ ಲೆಕ್ಕದ ಪ್ರಕಾರ ಯುಗಾದಿಗೆ 58 ಕೆಜಿ ಇರಬೇಕಿತ್ತು!

ಸಂಕ್ರಾಂತಿಯಲ್ಲಿ ತೂಕ ಇಳಿಯುವುದು ನಿಂತಾಗ ಮೊದಲು ಬೈದದ್ದು ಎಳ್ಳುಬೆಲ್ಲಕ್ಕೆ. ಎಳ್ಳು, ಕಡಲೆಬೀಜ, ಕೊಬ್ಬರಿ, ಬೆಲ್ಲ, ಒಂದಕ್ಕಿಂತ ಒಂದು ಗಟ್ಟಿ ಆಸಾಮಿಗಳು. ಎಲ್ಲರ ಮನೆಯಿಂದ ಬಂದ ಪೊಟ್ಟಣ ಡೈನಿಂಗ್ ಟೇಬಲ್ ಮೇಲೆ ಹತ್ತು ದಿನ ಇದ್ದವು. ಹೋಗ್ತಾ ಬರ್ತಾ ಒಂದು ಚಿಟಿಕೆ. ಆದರೆ ಎಳ್ಳುಬೆಲ್ಲ ಮುಗಿದು ಮೂರು ವಾರ ಆದರೂ ಮುಳ್ಳು ಅಲ್ಲಾಡಲಿಲ್ಲ. ಡಿಜಿಟಲ್ ಮಷಿನ್ನಿಗೆ ಮುಳ್ಳೆಲ್ಲಿ ಅನ್ನಬೇಡಿ, ನಮ್ಮ ಕಡೆ ಹಾಗೇ ಅನ್ನೋದು. 70.9, 70.2, 70.6, 71.0, 70.4. ಬೆಳಿಗ್ಗೆ ಅಂಕಿ ನೋಡಿದ ಮೇಲೆ ಅವತ್ತು ಮಗನ ಮೇಲೆ ಎಷ್ಟು ರೇಗಬೇಕು ಅಂತ ತೀರ್ಮಾನ ಆಗುತ್ತಿತ್ತು.

ಆಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಇನ್ನೂ ಜಾಸ್ತಿ ನಡೆದೆ. ಕೆರೆಯ ಒಂದು ಸುತ್ತು ನನ್ನ ಫೋನಿನ ಲೆಕ್ಕದಲ್ಲಿ ನಾಲ್ಕೂವರೆ ಕಿಲೋಮೀಟರ್. ಎರಡು ಸುತ್ತು ಶುರು ಮಾಡಿದೆ. ಬೆಳಿಗ್ಗೆ ಐದೂಕಾಲಿಗೆ ಗೇಟಿನ ಹತ್ತಿರ. ನೀರಿನ ಮೇಲೆ ಮಂಜು, ಮರದ ತುದಿಯಲ್ಲಿ ಹೆಜ್ಜಾರ್ಲೆಗಳು ಮುದುಡಿಕೊಂಡು ಕೂತಿರುತ್ತಿದ್ದವು. ಮೊದಲ ಸುತ್ತಿನಲ್ಲಿ ಅವನ್ನೆಲ್ಲ ನೋಡುತ್ತಿದ್ದೆ. ಎರಡನೇ ಸುತ್ತಿನಲ್ಲಿ ವಾಚು ಮಾತ್ರ ನೋಡುತ್ತಿದ್ದೆ. ಎಂಟು ದಿನ ನಡೆಯಿತು ಆ ವೈಭವ. ಒಂಬತ್ತನೇ ದಿನ ಬಲ ಮಂಡಿ ಊದಿಕೊಂಡಿತು.

ಎರಡು ಸುತ್ತು ಹಾಕಿದ ಆ ಎಂಟು ದಿನದಲ್ಲಿ ಇನ್ನೊಂದು ವಿಷಯ ಆಯಿತು. ಮಧ್ಯಾಹ್ನ ಎರಡಕ್ಕೆ ಆಫೀಸಿನ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ. ಭಾನುವಾರ ಇಡೀ ದಿನ ಸೋಫಾ. ‘ಬೆಳಿಗ್ಗೆ ಒಂಬತ್ತು ಕಿಲೋಮೀಟರ್ ನಡೆದಿದೀನಿ, ನೀರು ನೀನೇ ತಗೊಂಡು ಬಾ’ ಅಂತ ಮಗನಿಗೆ ಹೇಳಿದ್ದು ಈಗಲೂ ನೆನಪಿದೆ. ಅವನ ಉತ್ತರವೂ ನೆನಪಿದೆ, ಇಲ್ಲಿ ಬೇಡ.

ಇದು ನನ್ನೊಬ್ಬಳ ಸೋಮಾರಿತನ ಅಲ್ಲ ಅಂತ ಎಷ್ಟೋ ದಿನದ ಮೇಲೆ ಓದಿ ಸಮಾಧಾನ ಆಯಿತು. ಟಾಂಜಾನಿಯಾದಲ್ಲಿ ಹಾಡ್ಜಾ ಅನ್ನುವ ಜನ ಇದ್ದಾರೆ. ಗೆಡ್ಡೆ ಅಗೆದು, ಬೇಟೆಯಾಡಿ, ಜೇನು ಕಿತ್ತು ಬದುಕುವವರು. ದಿನವಿಡೀ ಓಡಾಟ. ಹರ್ಮನ್ ಪಾಂಟ್ಸರ್ ಅನ್ನುವ ವಿಜ್ಞಾನಿ ಮತ್ತು ಅವರ ಜೊತೆಗಾರರು ಈ ಜನ ದಿನಕ್ಕೆ ಎಷ್ಟು ಕ್ಯಾಲೊರಿ ಸುಡುತ್ತಾರೆ ಅಂತ ಅಳೆದರು. 2012ರಲ್ಲಿ ಅದನ್ನು ಪ್ರಕಟಿಸಿದರು. ಮೈತೂಕದ ವ್ಯತ್ಯಾಸ ತೆಗೆದು ನೋಡಿದರೆ, ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಅಮೆರಿಕದವರಿಗೂ ಅವರಿಗೂ ಹೇಳಿಕೊಳ್ಳುವಂಥ ಅಂತರ ಸಿಗಲಿಲ್ಲ. ಒಂದು ಕಡೆ ಖರ್ಚು ಏರಿದರೆ ದೇಹ ಇನ್ನೊಂದು ಕಡೆ ಕೈ ಬಿಗಿ ಹಿಡಿಯುತ್ತದೆ ಅನ್ನುವುದು ಪಾಂಟ್ಸರ್ ಅವರ ವಾದ. ತಿಂಗಳ ಕೊನೆಯಲ್ಲಿ ನಮ್ಮತ್ತೆ ಮಾಡುವುದೂ ಇದನ್ನೇ. ಈ ವಾದವನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ನಾನಂತೂ ನನ್ನ ಸೋಫಾ ನೆನೆಸಿಕೊಂಡು ಒಪ್ಪಿದೆ.

ಮಂಡಿ ಸರಿಯಾದ ಮೇಲೆ ಫೆಬ್ರವರಿಯಲ್ಲಿ ನಮ್ಮ ಬಡಾವಣೆಯ ಒಂದು ಜಿಮ್ಮಿಗೆ ಸೇರಿದೆ. ಅಲ್ಲಿನ ಹುಡುಗ ನನ್ನ ಕಥೆ ಕೇಳಿ, ‘ಮೇಡಂ, ನಿಮ್ಗೆ ಪ್ಲಾಟೋ ಬಂದಿದೆ’ ಅಂದ. ಇಳಿಯುತ್ತಿದ್ದ ತೂಕ ಒಂದೇ ಕಡೆ ನಿಂತುಬಿಡುವುದಕ್ಕೆ ಆ ಹೆಸರು. ಅವನು ಹೇಳಿದ್ದು ಏನೋ ಹೊಸ ಕಾಯಿಲೆ ಅನ್ನುವ ಹಾಗಿತ್ತು. ಮನೆಗೆ ಬಂದು ಅದನ್ನೇ ಹೇಳಿದೆ. ನಮ್ಮತ್ತೆಗೆ ಕಿವಿ ಸ್ವಲ್ಪ ಮಂದ. ‘ಪ್ಲೇಟಾ? ಅದು ನಂಗೆ ಯಾವತ್ತೋ ಗೊತ್ತು’ ಅಂದರು. ನಾನು ನಗಲಿಲ್ಲ ಆವತ್ತು.

ಜಿಮ್ಮಿನ ಮೊದಲ ವಾರ ತೂಕ 1.2 ಕೆಜಿ ಏರಿತು. ಏರಿತು! ದುಡ್ಡು ಕೊಟ್ಟು, ಬೆವರು ಸುರಿಸಿ, ಮೆಟ್ಟಿಲು ಇಳಿಯಲಾಗದೆ ಗೋಡೆ ಹಿಡಿದು ನಡೆದು, ಕೊನೆಗೆ ಏರಿಕೆ. ‘ಮಸಲ್ ಬಂದಿದೆ ಮೇಡಂ’ ಅಂದ ಹುಡುಗ. ವಾರದಲ್ಲಿ ಒಂದೂಕಾಲು ಕೆಜಿ ಸ್ನಾಯು ಯಾರಿಗೂ ಬರುವುದಿಲ್ಲ. ಅಭ್ಯಾಸ ಇಲ್ಲದ ವ್ಯಾಯಾಮ ಮಾಡಿದಾಗ ಸ್ನಾಯುವಿನಲ್ಲಿ ಸಣ್ಣಸಣ್ಣ ಗಾಯಗಳಾಗುತ್ತವೆ. ಅಲ್ಲಿ ನೀರು ತುಂಬಿಕೊಳ್ಳುತ್ತದೆ. ಮೈನೋವು ಇಳಿದ ಹಾಗೆ ಅದೂ ಇಳಿಯುತ್ತದೆ. ಇದನ್ನು ಮೊದಲೇ ಹೇಳಿದ್ದರೆ ನನ್ನ ಒಂದು ವಾರದ ಕಣ್ಣೀರು ಉಳಿಯುತ್ತಿತ್ತು. ಅದರ ಬದಲು ಅವನು ಕೊಬ್ಬು ಕರಗಿಸುವ ಪುಡಿಯ ಡಬ್ಬ ತೋರಿಸಿದ. 3,800 ರೂಪಾಯಿ. ಡಬ್ಬದ ಹಿಂದಿನ ಸಣ್ಣಕ್ಷರ ಓದಿದೆ. ಕೆಫೀನು, ಹಸಿರು ಚಹಾದ ಸಾರ, ಮೆಣಸಿನಕಾಯಿ ಸಾರ. ಕಾಫಿ ಕುಡಿದು ಮೆಣಸಿನಕಾಯಿ ಬಜ್ಜಿ ತಿಂದರೆ ಇದಕ್ಕಿಂತ ಕಡಿಮೆಗೆ ಆಗುತ್ತದಲ್ಲ ಅನ್ನಿಸಿತು. ತಿಂಗಳು ಮುಗಿದ ಮೇಲೆ ಅಲ್ಲಿಗೆ ಹೋಗಲಿಲ್ಲ.

ರಾತ್ರಿ ಊಟ ಬಿಡುವ ಪ್ರಯೋಗವೂ ಆಯಿತು. ಅದು ನಾಲ್ಕು ದಿನ. ಹತ್ತೂವರೆಗೆ ಅಡುಗೆಮನೆ ದೀಪ ಹಾಕದೆ ಕಡ್ಲೆಪುರಿ ಡಬ್ಬಕ್ಕೆ ಕೈ ಹಾಕಿದ್ದು ಗಂಡನ ಕಣ್ಣಿಗೆ ಬಿದ್ದು ಮುಗಿಯಿತು.

ಮಾರ್ಚ್ ಮೊದಲ ವಾರ ಮತ್ತೆ ಡಾಕ್ಟರ ಹತ್ತಿರ ಹೋದೆ. ಥೈರಾಯ್ಡೇ ಇರಬೇಕು ಅಂತ ನನಗೆ ಗ್ಯಾರಂಟಿ ಇತ್ತು. ಇದ್ದರೆ ಒಳ್ಳೆಯದು ಅಂತಲೂ ಒಳಗೊಳಗೇ ಆಸೆ. ನನ್ನ ತಪ್ಪೇನೂ ಇಲ್ಲ ಅಂತ ಆಗುತ್ತದಲ್ಲ! ಟಿಎಸ್‌ಎಚ್ 3.1, ನಾರ್ಮಲ್. ಡಾಕ್ಟರು ಇನ್ನೊಂದು ಹಾಳೆ ಮುಂದಿಟ್ಟರು. ಎಚ್‌ಬಿಎ1ಸಿ 5.8. ‘ಇದಕ್ಕೆ ತಾನೇ ನೀವು ಶುರು ಮಾಡಿದ್ದು? ಅಳ್ತಾ ಬಂದಿದೀರಲ್ಲ’ ಅಂದರು. ಟೇಪು ತಂದು ಸೊಂಟ ಅಳೆದರು. 91 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ 80ರ ಒಳಗಿರಬೇಕು, ಗಂಡಸರಿಗೆ 90. ‘ಮೊದಲು ಎಷ್ಟಿತ್ತು?’ ಅಂದರು. ನಾನು ಅಳೆದೇ ಇರಲಿಲ್ಲ. ಆರೂವರೆ ತಿಂಗಳಿಂದ ದಿನಾ ತೂಕ ಬರೆದಿಟ್ಟವಳು ಒಂದು ಸಲವೂ ಟೇಪು ಹಿಡಿದಿರಲಿಲ್ಲ. ನನ್ನ ಹತ್ತಿರ ಇದ್ದ ಸಾಕ್ಷಿ ಒಂದೇ, ಜನವರಿಯಲ್ಲಿ ಟೈಲರ್ ಹತ್ತಿರ ಹಿಡಿಸಿದ ರವಿಕೆಗಳು ಮಾರ್ಚ್‌ನಲ್ಲಿ ಮತ್ತೆ ಸಡಿಲ ಆಗಿದ್ದವು. ಅಂದರೆ ತೂಕ ನಿಂತಿದ್ದರೂ ಸೊಂಟ ಪೂರ್ತಿ ನಿಂತಿರಲಿಲ್ಲ. ಆ ಮಟ್ಟಿಗೆ ನೆಮ್ಮದಿ.

ಯುಗಾದಿ ಬಂದದ್ದು ಮಾರ್ಚ್ 30, ಭಾನುವಾರ. ಬೇಳೆ ಹೋಳಿಗೆ, ಮಾವಿನಕಾಯಿ ಚಿತ್ರಾನ್ನ, ಹಪ್ಪಳ, ಸಂಡಿಗೆ. ಮಾರನೇ ದಿನ ಬೆಳಿಗ್ಗೆ 72.0. ಒಂದು ರಾತ್ರಿಯಲ್ಲಿ 1.4 ಕೆಜಿ. ಹಳೆಯ ನಾನಾಗಿದ್ದರೆ ಎಲ್ಲ ಮುಗಿಯಿತು ಅಂತ ಉಳಿದ ಹೋಳಿಗೆಯನ್ನೂ ತಿಂದು ಮುಗಿಸುತ್ತಿದ್ದೆ. ಆವತ್ತು ಯಾಕೋ ಲೆಕ್ಕ ಹಾಕಿದೆ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. 1.4 ಕೆಜಿಗೆ 10,780. ಒಂದು ಹೋಳಿಗೆಗೆ 250 ಅಂತ ಹಿಡಿದರೂ, ಮಾಮೂಲಿ ಊಟದ ಮೇಲೆ ನಲವತ್ಮೂರು ಹೋಳಿಗೆ ತಿಂದಿರಬೇಕು. ನಾನು ತಿಂದದ್ದು ಮೂರು. ಸರಿ, ನಾಲ್ಕು. ಉಳಿದದ್ದೆಲ್ಲ ಉಪ್ಪು, ನೀರು, ಹೊಟ್ಟೆಯಲ್ಲಿ ಇನ್ನೂ ಇದ್ದ ಊಟ. ಗುರುವಾರ ಮತ್ತೆ 70.7ಕ್ಕೆ ಬಂತು.

ನಾನು ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮಾರ್ಚ್ ಎಂಡ್ ಅಂದರೆ ನಮಗೆ ಮನೆ ಮಠ ಇಲ್ಲ. ಆ 31ನೇ ತಾರೀಕು ರಾತ್ರಿ ಒಂಬತ್ತಾದರೂ ಒಂದು ಖಾತೆ ತಾಳೆ ಆಗುತ್ತಿರಲಿಲ್ಲ. ಹದಿನಾಲ್ಕು ಸಾವಿರ ಚಿಲ್ಲರೆ ಎಲ್ಲಿ ಸೋರಿದೆ ಗೊತ್ತಿಲ್ಲ. ಹೊಸದಾಗಿ ಸೇರಿದ ಹುಡುಗಿ ದೊಡ್ಡ ದೊಡ್ಡ ಬಿಲ್ಲುಗಳನ್ನೇ ತಿರುವಿ ಹಾಕುತ್ತಿದ್ದಳು. ‘ದೊಡ್ಡದು ಬಿಡಮ್ಮ, ಅದನ್ನ ಎಲ್ಲರೂ ನೋಡಿರ್ತಾರೆ. ದಿನಾ ಹೋಗೋ ಸಣ್ಣ ಖರ್ಚು ನೋಡು’ ಅಂದೆ. ಪೆಟ್ಟಿ ಕ್ಯಾಶ್ ವೋಚರಿನಲ್ಲೇ ಸಿಕ್ಕಿತು. ಆಟೋ, ಕೊರಿಯರ್, ಟೀ. ಮನೆಗೆ ಹೋಗುವಾಗ ಗಂಡನ ಸ್ಕೂಟರ್ ಹಿಂದೆ ಕೂತು ಇದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ನನಗೊಂದು ಚಟ ಇದೆ, ದಿನಸಿ ಅಂಗಡಿಯ ಚೀಟಿ ಬಿಸಾಡುವುದಿಲ್ಲ. ತಿಂಗಳಿಗೊಂದು ಗುಂಡುಪಿನ್ನು ಚುಚ್ಚಿ ಬಿಸ್ಕತ್ ಡಬ್ಬದಲ್ಲಿ ಹಾಕಿಡುತ್ತೇನೆ. ಏಪ್ರಿಲ್ ಮೊದಲ ಭಾನುವಾರ ಆ ಡಬ್ಬ ತೆಗೆದು ನೆಲದ ಮೇಲೆ ಹರಡಿಕೊಂಡು ಕೂತೆ. ಒಂದು ಸಾಲು ಮಾತ್ರ ನೋಡುತ್ತಾ ಹೋದೆ. ಅಡುಗೆ ಎಣ್ಣೆ, ಒಂದು ಲೀಟರ್ ಪ್ಯಾಕೆಟ್. 2024ರ ಸೆಪ್ಟೆಂಬರ್, ಮೂರು. ಅಕ್ಟೋಬರ್, ದಸರಾ ಇದ್ದರೂ ಮೂರು. ನವೆಂಬರ್ ಮೂರು. ಡಿಸೆಂಬರ್ ನಾಲ್ಕು. ಜನವರಿ ಐದು. ಫೆಬ್ರವರಿ ಐದು. ಮಾರ್ಚ್ ಐದು, ಜೊತೆಗೆ ಅರ್ಧ ಕೆಜಿ ತುಪ್ಪ.

ನಾನು ಆ ಚೀಟಿಗಳನ್ನು ಎರಡು ಸಲ ಎಣಿಸಿದೆ. ಮನೆಯಲ್ಲಿ ಜನ ಅವರೇ ನಾಲ್ಕು. ನೆಂಟರು ಯಾರೂ ಬಂದಿರಲಿಲ್ಲ. ಬೋಂಡ ಬಜ್ಜಿ ಕರಿದಿರಲಿಲ್ಲ.

ಐದು ಲೀಟರ್ ಅಂದರೆ ಸುಮಾರು ನಾಲ್ಕೂವರೆ ಕೆಜಿ. ಮೂವತ್ತು ದಿನ, ನಾಲ್ಕು ಜನ. ತಲೆಗೆ ದಿನಕ್ಕೆ 38 ಗ್ರಾಂ. ಗ್ರಾಮಿಗೆ 9 ಕ್ಯಾಲೊರಿ. 340. ಮೂರು ಲೀಟರಿನ ಕಾಲದಲ್ಲಿ ಇದೇ ಲೆಕ್ಕ 205. ಏನೂ ಹೊಸದು ತಿನ್ನದೆ, ಒಂದು ತುತ್ತೂ ಜಾಸ್ತಿ ನುಂಗದೆ, ದಿನಕ್ಕೆ 135 ಕ್ಯಾಲೊರಿ ಒಗ್ಗರಣೆ ಸೌಟಿನಿಂದ ವಾಪಸ್ ಬಂದಿತ್ತು. ಆಗಸ್ಟ್‌ನಲ್ಲಿ ನಾನು ಎಣ್ಣೆಯನ್ನು ಟೀ ಚಮಚದಲ್ಲಿ ಅಳೆದು ಹಾಕುತ್ತಿದ್ದೆ. ಒಂದು ಪಲ್ಯಕ್ಕೆ ಎರಡು ಚಮಚ. ಯಾವಾಗ ಚಮಚ ಬಿಟ್ಟು ಕ್ಯಾನಿನಿಂದ ನೇರ ಸುರಿಯಲು ಶುರು ಮಾಡಿದೆನೋ ನೆನಪಿಲ್ಲ. ಯಾರೂ ಹೇಳಿಲ್ಲ, ನಾನೂ ತೀರ್ಮಾನ ಮಾಡಿಲ್ಲ. ಕೈ ತಾನಾಗಿ ಸಡಿಲ ಆಗಿತ್ತು.

ಅಲ್ಲಿಗೆ ತನಿಖೆ ಜೋರಾಯಿತು. ಫೋನಿನಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಇದೆಯಲ್ಲ, ಅದರಲ್ಲಿ ಹಳೆಯ ತಿಂಗಳುಗಳ ಲೆಕ್ಕವೂ ಇರುತ್ತದೆ. ತೆಗೆದು ನೋಡಿದೆ. ಸೆಪ್ಟೆಂಬರ್‌ನಲ್ಲಿ ದಿನಕ್ಕೆ ಸರಾಸರಿ 10,800. ಫೆಬ್ರವರಿಯಲ್ಲಿ, ಎರಡು ಸುತ್ತಿನ ವೈಭವದ ದಿನಗಳನ್ನು ಸೇರಿಸಿಯೂ, 8,300. ಕೆರೆಯ ಒಂದು ಸುತ್ತೇ ಆರು ಸಾವಿರದ ಮೇಲೆ ಆಗುತ್ತದೆ. ಹಾಗಾದರೆ ಉಳಿದ ಹದಿನೈದು ಗಂಟೆ ನಾನು ನಡೆದದ್ದು ಬರೀ ಎರಡು ಸಾವಿರ! ನಡಿಗೆ ಶುರು ಮಾಡುವುದಕ್ಕಿಂತ ಮುಂಚೆ, ಅದೇ 2024ರ ಜೂನ್‌ನಲ್ಲಿ, ಯಾವ ವಾಕಿಂಗೂ ಇಲ್ಲದೆ ದಿನಕ್ಕೆ 4,900 ಇತ್ತು. ಬಸ್ ಸ್ಟಾಪಿಗೆ ನಡೆಯುತ್ತಿದ್ದೆ, ಮಾರ್ಕೆಟ್ಟಿಗೆ ಹೋಗುತ್ತಿದ್ದೆ, ಆಫೀಸಿನ ಎರಡನೇ ಮಹಡಿಗೆ ಮೆಟ್ಟಿಲು ಹತ್ತುತ್ತಿದ್ದೆ. ‘ಬೆಳಿಗ್ಗೆ ನಡೆದಾಯ್ತಲ್ಲ’ ಅಂತ ಒಂದೊಂದಾಗಿ ಎಲ್ಲ ಬಿಟ್ಟಿದ್ದೆ. ಸಂಜೆ ಗಂಡ ಸ್ಕೂಟರ್ ತಂದು ಕರೆದುಕೊಂಡು ಹೋಗುವುದು ಶುರುವಾದದ್ದೂ ಡಿಸೆಂಬರ್‌ನಲ್ಲೇ. ಪ್ರೀತಿಯಿಂದ ಮಾಡಿದ್ದು ಪಾಪ. ಲೆಕ್ಕಕ್ಕೆ ಪ್ರೀತಿ ಗೊತ್ತಿಲ್ಲ.

ಮೂರನೆಯದು ದೇಹದ್ದೇ ಪಾಲು. ಎಂಟು ಕೆಜಿ ಇಳಿದ ಮೇಲೆ ಹೊರಲು ಎಂಟು ಕೆಜಿ ಕಡಿಮೆ. ಅದೇ ಸುತ್ತಿಗೆ ಕಡಿಮೆ ಸುಡುತ್ತದೆ. ಸುಮ್ಮನೆ ಮಲಗಿದ್ದರೂ ಕಡಿಮೆ ಸುಡುತ್ತದೆ. ಆಹಾರ ತಜ್ಞರು ಬಳಸುವ ಸೂತ್ರದಲ್ಲಿ ನನ್ನ ಎತ್ತರ, ವಯಸ್ಸು ಹಾಕಿ ನೋಡಿದರೆ, ದಿನದ ಖರ್ಚು ಸುಮಾರು 110 ಕ್ಯಾಲೊರಿ ಇಳಿದಿತ್ತು. ಎರಡು ಇಡ್ಲಿ ಅಷ್ಟೇ. ಅಂದರೆ 78 ಕೆಜಿಯ ಹೆಂಗಸಿಗೆ ತೂಕ ಇಳಿಸುತ್ತಿದ್ದ ಊಟ 70 ಕೆಜಿಯ ಹೆಂಗಸಿಗೆ ಅಷ್ಟು ಕೆಲಸ ಮಾಡುವುದಿಲ್ಲ. ತೂಕ ಇಳಿಸಿದ್ದೇ ತೂಕ ನಿಲ್ಲುವುದಕ್ಕೆ ಒಂದು ಕಾರಣ. ಇದಕ್ಕೆ ಯಾರನ್ನು ಬೈಯೋದು?

ಎಣ್ಣೆ 135, ಬಿಟ್ಟ ಹೆಜ್ಜೆಗಳಿಗೆ ಒಂದು ನೂರು, ದೇಹದ್ದು 110. ಕೂಡಿಸಿದರೆ ಮುನ್ನೂರೈವತ್ತರ ಹತ್ತಿರ. ಶುರುವಿನಲ್ಲಿ ನಾನು ಮಾಡಿಕೊಂಡಿದ್ದ ಕೊರತೆಯೂ ಹೆಚ್ಚು ಕಡಿಮೆ ಅಷ್ಟೇ. ಹನ್ನೊಂದು ವಾರದಿಂದ ಖಾತೆ ತಾಳೆಯಾಗಿ ಕೂತಿತ್ತು. ಇದನ್ನು ನೋಡಿ ಅಳು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಖುಷಿ. ತಾಳೆಯಾದ ಲೆಕ್ಕ ನೋಡಿದರೆ ಖುಷಿಯಾಗುವುದು ನಮ್ಮ ವೃತ್ತಿಯ ರೋಗ.

ಆಮೇಲೆ 700 ರೂಪಾಯಿಗೆ ಒಂದು ಅಡುಗೆಮನೆ ತಕ್ಕಡಿ ತಂದೆ. ಹತ್ತು ದಿನ ಬಾಯಿಗೆ ಹೋಗುವ ಎಲ್ಲವನ್ನೂ ತೂಗಿ ಬರೆದೆ. ಇದು ಯಾರಿಗೂ ಖುಷಿ ಕೊಡುವ ಕೆಲಸ ಅಲ್ಲ, ಜೀವನವಿಡೀ ಮಾಡುವಂಥದ್ದೂ ಅಲ್ಲ. ಹತ್ತು ದಿನ ಸಾಕು. ಮೊದಲ ಸಂಜೆಯೇ ಪಾಠ ಆಯಿತು. ಆಫೀಸಿನ ಡ್ರಾಯರಿನಲ್ಲಿ ನಾನು ಕಾಂಗ್ರೆಸ್ ಕಡ್ಲೆಬೀಜ ಇಟ್ಟುಕೊಂಡಿರುತ್ತೇನೆ. ಬೋಂಡ ಬಿಟ್ಟ ಮೇಲೆ ಅದೇ ನನ್ನ ‘ಹೆಲ್ತಿ ಸ್ನ್ಯಾಕ್ಸ್’. ಒಂದು ಹಿಡಿ ತಕ್ಕಡಿಗೆ ಹಾಕಿದೆ. 30 ಗ್ರಾಂ. 170 ಕ್ಯಾಲೊರಿ. ಕೆರೆಯ ಒಂದು ಸುತ್ತಿಗೆ ನನ್ನ ತೂಕದಲ್ಲಿ ನಿಜವಾಗಿ ಸುಡುವುದೂ ಸುಮಾರು ಅಷ್ಟೇ. ವಾಚು 310 ಅಂತ ತೋರಿಸುತ್ತಿತ್ತು. ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದುದನ್ನೂ ಸೇರಿಸಿ ಹೇಳುತ್ತವೆ ಈ ವಾಚುಗಳು, ಮೇಲೆ ಒಂದಿಷ್ಟು ಧಾರಾಳ ಬೇರೆ. ನಾನು ಆ ಧಾರಾಳವನ್ನು ನಂಬಿ ದಿನಕ್ಕೆ ಎರಡು ಹಿಡಿ ತಿನ್ನುತ್ತಿದ್ದೆ.

ಮುದ್ದೆಯನ್ನೂ ತೂಗಿದೆ. ನಮ್ಮ ಕಡೆ ಮುದ್ದೆಗೆ ದೊಡ್ಡ ಗೌರವ. ಅನ್ನ ಬಿಟ್ಟು ಮುದ್ದೆ ತಿಂದರೆ ತೂಕ ತಾನಾಗಿ ಇಳಿಯುತ್ತದೆ ಅನ್ನುವ ನಂಬಿಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರದ ಪಟ್ಟಿಯಲ್ಲಿ ನೂರು ಗ್ರಾಂ ರಾಗಿಗೆ ಸುಮಾರು 320 ಕ್ಯಾಲೊರಿ, ಅಕ್ಕಿಗೆ 356. ಅಂತರ ಇಷ್ಟೇ. ರಾಗಿಯಲ್ಲಿ ನಾರು ಜಾಸ್ತಿ, ಸುಣ್ಣದ ಅಂಶ ಎಷ್ಟೋ ಪಟ್ಟು ಜಾಸ್ತಿ, ಹೊಟ್ಟೆಯೂ ಹೆಚ್ಚು ಹೊತ್ತು ತುಂಬಿರುತ್ತದೆ. ಅದೆಲ್ಲ ನಿಜ. ಆದರೆ ಎರಡು ಮುದ್ದೆ ಎರಡೇ. ಅದರ ಜೊತೆ ಬಸ್ಸಾರು, ಬಸ್ಸಾರಿಗೆ ರುಬ್ಬಿದ ಕಾಯಿ, ಪಲ್ಯದ ಮೇಲೆ ಉದುರಿಸಿದ ಕಾಯಿ. ಹಸಿ ತೆಂಗಿನಕಾಯಿ ನೂರು ಗ್ರಾಮಿಗೆ 350ರ ಮೇಲೆ. ನಾನು ‘ಸ್ವಲ್ಪ’ ಅಂತ ಉದುರಿಸುತ್ತಿದ್ದುದು ತಕ್ಕಡಿಯಲ್ಲಿ 40 ಗ್ರಾಂ ಬಂತು.

ಎಷ್ಟು ತಿನ್ನುತ್ತೀರಿ ಅಂತ ಅದಕ್ಕೆ ಒಂದು ವಾರ ಮುಂಚೆ ಯಾರಾದರೂ ಕೇಳಿದ್ದರೆ 1,300 ಕ್ಯಾಲೊರಿ ಅಂತ ದೇವರ ಮೇಲೆ ಪ್ರಮಾಣ ಮಾಡುತ್ತಿದ್ದೆ. ತಕ್ಕಡಿಯ ಹತ್ತು ದಿನದ ಸರಾಸರಿ 1,780. ನಾನು ಸುಳ್ಳು ಹೇಳುತ್ತಿರಲಿಲ್ಲ, ನನಗೇ ಗೊತ್ತಿರಲಿಲ್ಲ. ನ್ಯೂಯಾರ್ಕ್‌ನಲ್ಲಿ ಮಾಡಿದ ಒಂದು ಅಧ್ಯಯನ 1992ರ ಕೊನೆಯಲ್ಲಿ ಪ್ರಕಟವಾಗಿತ್ತು. 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಅನ್ನುವವರನ್ನೇ ಆರಿಸಿಕೊಂಡು ಅಳೆದಿದ್ದರು. ಅವರ ದೇಹದಲ್ಲಿ ಯಾವ ದೋಷವೂ ಇರಲಿಲ್ಲ. ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಹೇಳಿದ್ದರು, ಓಡಾಟವನ್ನು ಶೇ 51ರಷ್ಟು ಹೆಚ್ಚು ಹೇಳಿದ್ದರು. ಓದಿದಾಗ ನಮ್ಮ ವಾಕಿಂಗ್ ಗುಂಪಿನ ನಾಲ್ವರನ್ನೂ ನೆನೆಸಿಕೊಂಡು ನಕ್ಕೆ. ಕೆರೆ ಗೇಟಿನ ಹೊರಗೆ ಬೂದುಗುಂಬಳದ ಜ್ಯೂಸು ಕುಡಿದು, ಅಲ್ಲಿಂದ ನೇರ ಹೋಟೆಲಿಗೆ ಹೋಗಿ ಮಸಾಲೆದೋಸೆ ಬೈಟು ಮಾಡುವವರು ನಾವು. ಬೈಟು ಮಾಡಿದ ಮೇಲೆ ‘ಒಂದೊಂದು ಉದ್ದಿನವಡೆ ತಗೊಳೋಣ್ವಾ?’ ಅಂತ ಒಬ್ಬರು ಯಾವಾಗಲೂ ಕೇಳುತ್ತಾರೆ.

ಬದಲಾವಣೆ ಏನು ಮಾಡಿದೆ ಅಂದರೆ ಹೆಚ್ಚೇನಿಲ್ಲ. ಎಣ್ಣೆಯಿಂದಲೇ ಶುರು. ಪ್ರತಿ ಸೋಮವಾರ ಒಂದು ಬಾಟಲಿಗೆ 700 ಮಿಲಿಲೀಟರ್ ಸುರಿದಿಡುತ್ತೇನೆ. ಇಡೀ ಮನೆಗೆ ಇಡೀ ವಾರಕ್ಕೆ ಅಷ್ಟೇ. ಶುಕ್ರವಾರಕ್ಕೇ ಖಾಲಿಯಾದರೆ ಶನಿವಾರ, ಭಾನುವಾರ ಇಡ್ಲಿ, ಕಡುಬು, ಉಪ್ಸಾರು. ಮೊದಲ ವಾರ ಬುಧವಾರಕ್ಕೇ ಖಾಲಿಯಾಯಿತು. ಮಗ ‘ಇದೇನು ರೇಷನ್ನಾ?’ ಅಂದ. ಅತ್ತೆ ಪಲ್ಯದ ತಟ್ಟೆ ಪಕ್ಕಕ್ಕೆ ಸರಿಸಿ, ‘ಆಸ್ಪತ್ರೆ ಊಟ’ ಅಂದರು. ಎರಡು ದಿನ ಮಾತು ಬಿಟ್ಟರು. ಮೂರನೇ ವಾರದ ಹೊತ್ತಿಗೆ ಅವರೇ ಬಾಟಲಿ ಎತ್ತಿ ಬೆಳಕಿಗೆ ಹಿಡಿದು, ‘ಇನ್ನೂ ಎರಡು ಒಗ್ಗರಣೆಗೆ ಬರುತ್ತೆ’ ಅಂತ ಹೇಳಲು ಶುರು ಮಾಡಿದರು. ಈಗ ಆ ಬಾಟಲಿಯ ಉಸ್ತುವಾರಿ ಅವರದ್ದೇ. ನನಗಿಂತ ಜಿಪುಣಿ.

ಕಡ್ಲೆಬೀಜದ ಡಬ್ಬ ಡ್ರಾಯರಿನಿಂದ ಹೊರಟಿತು. ಅದರ ಜಾಗಕ್ಕೆ ಬೇಯಿಸಿದ ಹುರುಳಿಕಾಳು ಅಥವಾ ಒಂದು ಮೊಟ್ಟೆ. ಸಂಜೆ ಸ್ಕೂಟರ್ ಬೇಡ ಅಂದೆ. ಗಂಡ ಮುಖ ಸಣ್ಣ ಮಾಡಿದರು. ಈಗ ಬಸ್ ಸ್ಟಾಪಿಗೆ ಅವರೇ ನಡೆದು ಬರುತ್ತಾರೆ, ಇಬ್ಬರೂ ನಡೆದು ಹೋಗುತ್ತೇವೆ. ಕೆರೆಯ ಸುತ್ತು ಒಂದೇ, ಎರಡಿಲ್ಲ. ವಾರದಲ್ಲಿ ಎರಡು ದಿನ ಅದೂ ಇಲ್ಲ. ಆವತ್ತು ಮನೆಯಲ್ಲೇ ಭಾರ ಎತ್ತುವುದು. ವಿಶ್ವ ಆರೋಗ್ಯ ಸಂಸ್ಥೆ 2020ರ ಸಲಹೆಯಲ್ಲಿ ವಾರಕ್ಕೆ 150ರಿಂದ 300 ನಿಮಿಷದ ನಡಿಗೆಯಂಥ ವ್ಯಾಯಾಮದ ಜೊತೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ ಅಂದಿದೆ. ಬರೀ ಊಟ ಇಳಿಸಿ ನಡೆಯುತ್ತಾ ಹೋದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದಂತೆ. ಜಿಮ್ಮಿನ ಸಹವಾಸ ಬೇಡವಾಗಿತ್ತು. ಐದೈದು ಕೆಜಿಯ ಎರಡು ರಾಗಿಹಿಟ್ಟಿನ ಚೀಲ ಎರಡು ಕೈಯಲ್ಲಿ ಹಿಡಿದು ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ತಳ್ಳುವುದು. ಮೊದಲ ದಿನ ಹದಿನೈದು ಸಲಕ್ಕೇ ತೊಡೆ ನಡುಗಿತು. ಒಂದು ಸಲ ಚೀಲದ ಹೊಲಿಗೆ ಬಿಚ್ಚಿ ನಡುಮನೆಯೆಲ್ಲ ಹಿಟ್ಟಾಯಿತು. ಈಗ ಚೀಲಗಳನ್ನು ಬಟ್ಟೆ ಬ್ಯಾಗಿನೊಳಗೆ ಹಾಕಿರುತ್ತೇನೆ.

ತೂಕ? ಮೊದಲ ಎರಡು ವಾರ ಏನೂ ಆಗಲಿಲ್ಲ. 70.8, 70.5. ಮೂರನೇ ವಾರ ಮುಟ್ಟು ಮುಗಿದ ಮೇಲೆ ಒಂದು ಬೆಳಿಗ್ಗೆ 69.4. ಮಷಿನ್ನು ಕೆಟ್ಟಿದೆ ಅಂದುಕೊಂಡು ಇಳಿದು ಮತ್ತೆ ಹತ್ತಿದೆ. ತಿಂಗಳ ಆ ದಿನಗಳಲ್ಲಿ ಮೈ ನೀರು ಹಿಡಿದುಕೊಳ್ಳುವುದು ಎಲ್ಲ ಹೆಂಗಸರಿಗೂ ಗೊತ್ತು, ತೂಕದ ಪುಸ್ತಕ ಬರೆಯುವಾಗ ಮಾತ್ರ ಮರೆತುಹೋಗುತ್ತದೆ. ಈಗ ನಾನು ದಿನದ ಅಂಕಿಯನ್ನು ಬರೆಯುತ್ತೇನೆ, ಓದುವುದಿಲ್ಲ. ಭಾನುವಾರ ಏಳೂ ಅಂಕಿ ಕೂಡಿ ಏಳರಿಂದ ಭಾಗಿಸುತ್ತೇನೆ. ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸುತ್ತೇನೆ. ಪಕ್ಕದಲ್ಲಿ ಸೊಂಟದ ಅಳತೆ. ಮೇ, ಜೂನ್‌ನಲ್ಲಿ ತಿಂಗಳಿಗೆ ಮುಕ್ಕಾಲು ಕೆಜಿ. ಜುಲೈನಲ್ಲಿ ಅರ್ಧ. ಮಾವಿನಹಣ್ಣಿನ ಕಾಲದಲ್ಲಿ ನಾನೇನೂ ಸನ್ಯಾಸಿ ಆಗಲಿಲ್ಲ.

ಸೆಪ್ಟೆಂಬರ್ ಕೊನೆ, ದಸರಾ ನಡುವೆ, 66.8. ಸೊಂಟ 87. ಎಚ್‌ಬಿಎ1ಸಿ 5.6. ನವರಾತ್ರಿಯ ಶುಕ್ರವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಸಾವಿರದ ಚಿಲ್ಲರೆ ಮೆಟ್ಟಿಲು. ಹೋದ ವರ್ಷ ಏಳುನೂರರ ಹತ್ತಿರದ ದೊಡ್ಡ ನಂದಿಗೆ ಬರುವಷ್ಟರಲ್ಲಿ ಒಂಬತ್ತು ಕಡೆ ಕೂತಿದ್ದೆ, ಗಂಡ ಎಣಿಸಿದ್ದರು. ಈ ಸಲ ಎರಡು ಕಡೆ. ಎರಡನೆಯದು ಅವರಿಗೋಸ್ಕರ.

ನಮ್ಮ ದೇಶದವರಿಗೆ ಹೇಳುವ ಮಿತಿಯ ಪ್ರಕಾರ ನಾನು ಇನ್ನೂ ದಪ್ಪವೇ. ಎತ್ತರಕ್ಕೆ ತೂಕ ಹೋಲಿಸಿ ನೋಡುವ ಬಿಎಂಐ ಅನ್ನುವ ಅಂಕಿ 25ರ ಕೆಳಗೆ ಬರಬೇಕಾದರೆ ನನ್ನ ತೂಕ 62.4 ಆಗಬೇಕು. ಅಲ್ಲಿಗೆ ಹೋಗುತ್ತೇನೋ ಇಲ್ಲವೋ. ಗಡಿಬಿಡಿ ಇಲ್ಲ.

ದೀಪಾವಳಿ ಆದ ಮೇಲೆ ಮತ್ತೆ ನಿಂತಿದೆ. ಮೂರು ವಾರದ ಸರಾಸರಿ 66.8, 66.6, 66.9. ನಿನ್ನೆ ರಾತ್ರಿ ಪುಸ್ತಕ ತೆರೆದು ಕೂತಿದ್ದಾಗ ಗಂಡ ಬಗ್ಗಿ ನೋಡಿ, ‘ಮತ್ತೆ ನಿಂತೋಯ್ತಾ?’ ಅಂದರು. ಬಿಸ್ಕತ್ ಡಬ್ಬ ಕೆಳಗಿಳಿಸಿ ಅಕ್ಟೋಬರ್‌ನ ಚೀಟಿ ಹುಡುಕಿದೆ. ಎಣ್ಣೆ ಮೂರೇ ಲೀಟರ್. ಅದರ ಕೆಳಗಿನ ಸಾಲಿನಲ್ಲಿ ತುಪ್ಪ, ಒಂದು ಕೆಜಿ. ಅಡುಗೆಮನೆ ಕಡೆ ತಿರುಗಿ, ‘ಅತ್ತೇ’ ಅಂತ ಕರೆದೆ. ಇಂಥ ಹೊತ್ತಿನಲ್ಲಿ ಅವರಿಗೆ ಕಿವಿ ಪೂರ್ತಿ ಕೇಳಿಸುವುದಿಲ್ಲ.